ಬೋರ್ಡ್ ಮೇಲೆ 89, ಮಷಿನ್ ಮೇಲೆ 63

ಪುಣೆ ಪಕ್ಕದ ಭೋಸರಿ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶಕ್ಕೆ ಗುರುವಾರ ವಾರದ ರಜೆ. ಪುಣೆಯ ಆಫೀಸಿನವರಿಗೆ ಭಾನುವಾರ ಹೇಗೋ, ಕಾರ್ಖಾನೆಯವರಿಗೆ ಗುರುವಾರ ಹಾಗೆ. ಪ್ರೆಸ್‌ಗಳ ಧಡಧಡ ಇಲ್ಲ, ಗೇಟಿನ ಮುಂದೆ ಟೆಂಪೋ ಸಾಲಿಲ್ಲ. ಮೇಂಟೆನೆನ್ಸ್‌ನವರು ಮಾತ್ರ ಬಂದಿರುತ್ತಾರೆ. ಅವತ್ತು ಒಂದು ಕೆಲಸ ಮಾಡಿ ನೋಡಬೇಕು. ಎಲ್ಲ ಮಷಿನ್ ಬಂದ್ ಇರುವಾಗ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ, ಶಾಪ್, ಅಂದರೆ ಮಷಿನ್‌ಗಳ ಶೆಡ್ಡಿನ ನಡುವೆ ಸುಮ್ನೆ ನಿಂತು ಕಿವಿಗೊಡಬೇಕು. ಉಸ್ ಅಂತ ಸಣ್ಣ ಸದ್ದು ಬರುತ್ತದೆ. ಒಂದು ಕಡೆಯಿಂದ ಅಲ್ಲ, ಹತ್ತು ಕಡೆಯಿಂದ. ಪೈಪಿನ ಜಾಯಿಂಟ್, ಏರ್ ಗನ್ನಿನ ಬಾಯಿ, ಸವೆದ ಹೋಸ್. ಸರಿಯಾಗಿ ನೋಡಿಕೊಳ್ಳದ ಕಾರ್ಖಾನೆಗಳಲ್ಲಿ ಕಂಪ್ರೆಸರ್ ಗಾಳಿಯ ಶೇ 20ರಿಂದ 30ರಷ್ಟು ಹೀಗೇ ಸೋರಿ ಹೋಗುವುದು ಮಾಮೂಲು. ಆ ಗಾಳಿ ಪುಕ್ಕಟೆ ಬಂದದ್ದಲ್ಲ, ಕರೆಂಟ್ ಬಿಲ್ ಕಟ್ಟಿ ತಂದದ್ದು. ಉಳಿದ ಆರು ದಿನವೂ ಅದು ಸೋರುತ್ತಲೇ ಇರುತ್ತದೆ. ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ.

ವಿಜಯಪುರದ ಕಡೆಯಿಂದ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟೂ ವರ್ಷ ಗಾಡಿಗಳ ಬಿಡಿಭಾಗ ಮಾಡುವ ಶಾಪ್‌ಗಳಲ್ಲೇ ಕಳೆದಿದ್ದೇನೆ. ಈಗ ಎಲ್ಲೆಲ್ಲೂ ಒಂದೇ ಮಾತು: ಆಪರೇಷನಲ್ ಎಕ್ಸಲೆನ್ಸ್. ಪುಣೆ ಹತ್ತಿರದ ಚಾಕಣ್‌ನ ದೊಡ್ಡ ಕಂಪನಿಗಳಲ್ಲಿ ಅದಕ್ಕೆ ಬೇರೆ ಇಲಾಖೆಯೇ ಇದೆ. ಭೋಸರಿಯ ಇಪ್ಪತ್ತು ಜನರ ಶಾಪ್‌ನಲ್ಲೂ ಗೋಡೆಗೆ ಅದರ ಬೋರ್ಡ್ ಬಂದಿದೆ. ಮಾತು ದೊಡ್ಡದಾದರೂ ಅರ್ಥ ಸರಳ. ಇದ್ದ ಮಷಿನ್, ಇದ್ದ ಜನ, ಇದ್ದ ಜಾಗದಲ್ಲೇ ಸರಿಯಾದ ಮಾಲನ್ನು ಸರಿಯಾದ ಹೊತ್ತಿಗೆ, ಯಾರ ಕೈಗೂ ಪೆಟ್ಟಾಗದ ಹಾಗೆ ತೆಗೆಯುವುದು. ಅದನ್ನು ದಿನಾ ಮಾಡುವುದು. ನಾಳೆ ಇವತ್ತಿಗಿಂತ ಒಂದು ಕೂದಲೆಳೆಯಷ್ಟಾದರೂ ಸುಧಾರಿಸುವುದು.

ಇದನ್ನು ಮಾಡುವ ವಿದ್ಯೆ ಪುಣೆಯಲ್ಲಿ ಬೇಕಾದಷ್ಟಿದೆ. ಜಾಗ ಓರಣವಾಗಿಡುವ ಫೈವ್ ಎಸ್, ದಿನಾ ಚೂರು ಚೂರು ಸುಧಾರಿಸುವ ಕೈಜೆನ್, ಮಷಿನ್ ಕೆಡದ ಹಾಗೆ ಎಲ್ಲರೂ ಸೇರಿ ನೋಡಿಕೊಳ್ಳುವ ಟಿಪಿಎಂ, ತಪ್ಪೇ ಆಗದಂತೆ ಕಟ್ಟು ಮಾಡುವ ಪೋಕಾಯೋಕೆ, ದೂರಿನ ಮೂಲ ಹುಡುಕುವ ಎಂಟು ಹೆಜ್ಜೆಯ ರಿಪೋರ್ಟು, ಐದು ಸಲ ಯಾಕೆ ಅಂತ ಕೇಳುವುದು, ಎಲ್ಲವೂ ನಮ್ಮ ಹುಡುಗರಿಗೆ ಬಾಯಿಪಾಠ. ಆದರೂ ಸುಧಾರಣೆ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ನಾನು ಕಂಡ ಮಟ್ಟಿಗೆ ಕಾರಣ ಒಂದೇ. ಮಷಿನ್ ಹತ್ತಿರ ನಿಂತವನಿಗೆ ಗೊತ್ತಿರುವ ಕೆಟ್ಟ ಸುದ್ದಿ ಮೇಲಕ್ಕೆ ಹೋಗಲು ದಾರಿ ಇಲ್ಲ. ಮೇಲಕ್ಕೆ ಹೋಗುವ ಲೆಕ್ಕ ನಿಜದ ಲೆಕ್ಕವಲ್ಲ.

ಲೆಕ್ಕದಿಂದಲೇ ಶುರು ಮಾಡೋಣ. ಮಷಿನ್ ಎಷ್ಟು ಚೆನ್ನಾಗಿ ದುಡಿಯಿತು ಎಂದು ನೋಡಲು ಓಇಇ ಅಂತ ಒಂದು ಅಳತೆ ಇದೆ. ಜಪಾನಿನ ಸೆಯಿಚಿ ನಕಾಜಿಮಾ ಟಿಪಿಎಂ ಪದ್ಧತಿಯ ಜೊತೆಗೆ ಕೊಟ್ಟದ್ದು. ಅದರಲ್ಲಿ ಮೂರು ಪ್ರಶ್ನೆ. ಓಡಬೇಕಾದ ಹೊತ್ತಿನಲ್ಲಿ ಮಷಿನ್ ಎಷ್ಟು ಹೊತ್ತು ಓಡಿತು? ಓಡುವಾಗ ಎಷ್ಟು ವೇಗದಲ್ಲಿ ಓಡಿತು? ಬಂದ ಪೀಸುಗಳಲ್ಲಿ ಮೊದಲ ಸಲಕ್ಕೇ ಸರಿ ಬಂದವು ಎಷ್ಟು? ಮೂರನ್ನೂ ಗುಣಿಸಬೇಕು. 90, 95, 99ರ ಆಸುಪಾಸು ಬಂದರೆ ಗುಣಲಬ್ಧ 85ರ ಹತ್ತಿರ ನಿಲ್ಲುತ್ತದೆ. ಜಗತ್ತಿನ ದರ್ಜೆ ಅಂದರೆ 85 ಎನ್ನುವ ಮಾತು ಬಂದದ್ದು ಹೀಗೆ.

ಈಗ ಒಂದು ಶಿಫ್ಟ್ ಲೆಕ್ಕ ಹಾಕೋಣ. 8 ಗಂಟೆ, ಅಂದರೆ 480 ನಿಮಿಷ. ಊಟ, ಚಹಾ 60 ತೆಗೆದರೆ 420. ಜಾಬ್ ಬದಲಿಸಿ ಸೆಟ್ಟಿಂಗ್ ಮಾಡಲು 45 ನಿಮಿಷ ಹೋಯಿತು. ಸಣ್ಣ ಬ್ರೇಕ್‌ಡೌನ್, ಟೂಲ್ ಬದಲಾವಣೆಗೆ 25. ಮೊದಲ ಪೀಸ್ ಪಾಸ್ ಮಾಡುವ ಇನ್‌ಸ್ಪೆಕ್ಟರ್‌ಗೆ ಕಾಯುತ್ತ 14. ಮಷಿನ್ ಓಡಿದ್ದು 336 ನಿಮಿಷ, ಅಂದರೆ ಶೇ 80. ಒಂದು ಪೀಸಿಗೆ 2 ನಿಮಿಷದಂತೆ 168 ಬರಬೇಕಿತ್ತು, ಬಂದದ್ದು 140. ಅದು ಶೇ 83. ಅದರಲ್ಲಿ 7 ಕೆಟ್ಟವು, 133 ಸರಿ. ಅದು ಶೇ 95. ಬಿಡಿ ಬಿಡಿಯಾಗಿ ನೋಡಿದರೆ ಮೂರೂ ಅಂಕಿ ಪರವಾಗಿಲ್ಲ ಅನ್ನಿಸುತ್ತವೆ ಅಲ್ವಾ? ಗುಣಿಸಿದರೆ ಬರುವುದು 63.

ಇದೇ ಶಿಫ್ಟು, ಇದೇ ಮಷಿನ್ನು, ಇದೇ 140 ಪೀಸು ಬೋರ್ಡ್ ಮೇಲೆ ಏರುವಾಗ ಏನಾಗುತ್ತದೆ ನೋಡಿ. ಸೆಟ್ಟಿಂಗ್ ಹೇಗೂ ಮಾಡಲೇಬೇಕಿತ್ತು, ಅದು ನಷ್ಟ ಅಲ್ಲ ಎಂದು ಆ 45 ನಿಮಿಷವನ್ನು ಲೆಕ್ಕದಿಂದಲೇ ಹೊರಗಿಡುತ್ತಾರೆ. 420 ಹೋಗಿ 375 ಆಯಿತು. ಪೀಸಿಗೆ 2 ನಿಮಿಷ ಅನ್ನುವುದು ಜಾಸ್ತಿ ಬಿಗಿಯಾಯಿತು, 2.4 ಇರಲಿ ಎನ್ನುತ್ತಾರೆ. ವೇಗ ಸರಿಯಾಗಿ ನೂರಕ್ಕೆ ನೂರು ಬಂತು. ಕೆಟ್ಟ 7ರಲ್ಲಿ 6ನ್ನು ಮತ್ತೆ ಉಜ್ಜಿ ರೀವರ್ಕ್ ಮಾಡಿ ಸರಿ ಮಾಡಿದೆವು, ಹಾಗಾಗಿ ಒಳ್ಳೆಯವು 139 ಎನ್ನುತ್ತಾರೆ. ಗುಣಿಸಿದರೆ 89! ಒಂದೇ ಒಂದು ಪೀಸು ಜಾಸ್ತಿ ಡಿಸ್ಪ್ಯಾಚ್ ಆಗಲಿಲ್ಲ. ಒಂದು ರೂಪಾಯಿ ಉಳಿಯಲಿಲ್ಲ. 63 ಮಾತ್ರ 89 ಆಯಿತು, ಜಗತ್ತಿನ ದರ್ಜೆಯನ್ನೂ ದಾಟಿತು.

ಹೀಗೆ ಬರೆಯುವವರು ಮೋಸಗಾರರಲ್ಲ. 63 ಎಂದು ಬರೆದರೆ ಮರುದಿನ ಬೆಳಗಿನ ಮೀಟಿಂಗ್‌ನಲ್ಲಿ ನಿಲ್ಲಿಸಿ ಕೇಳುತ್ತಾರೆ. 89 ಎಂದು ಬರೆದರೆ ಯಾರೂ ಕೇಳುವುದಿಲ್ಲ. ಕೇಳದೇ ಇರುವುದೇ ಮನುಷ್ಯನಿಗೆ ಬೇಕಾದದ್ದು. ಆದರೆ 63 ಬೋರ್ಡ್ ಮೇಲೆ ಇದ್ದಿದ್ದರೆ ಆ 45 ನಿಮಿಷದ ಸೆಟ್ಟಿಂಗ್ ಕಣ್ಣಿಗೆ ಕುಕ್ಕುತ್ತಿತ್ತು. 89 ಅದನ್ನು ಮುಚ್ಚಿಬಿಟ್ಟಿತು.

ಇದಕ್ಕೆ ಸರಿ ಎದುರಾದ ಕಥೆ ಜಪಾನಿನದು. ಸಕಿಚಿ ಟೊಯೊಡಾ ಕಾರು ಮಾಡಿದವರಲ್ಲ, ಮಗ್ಗ ಮಾಡಿದವರು. 1924ರಲ್ಲಿ ಅವರು ತಂದ ಆಟೊಮ್ಯಾಟಿಕ್ ಮಗ್ಗದಲ್ಲಿ ಒಂದು ಗುಣ ಇತ್ತು. ನೂಲು ಹರಿದರೆ ಮಗ್ಗ ತಾನೇ ನಿಲ್ಲುತ್ತಿತ್ತು. ಹರಿದ ನೂಲಿನ ಮೇಲೆ ಗಜಗಟ್ಟಲೆ ಕೆಟ್ಟ ಬಟ್ಟೆ ನೇಯುವುದಕ್ಕಿಂತ ನಿಂತು ಸರಿ ಮಾಡಿಕೊಳ್ಳುವುದು ಲಾಭ. ಆ ಮಗ್ಗದ ಪೇಟೆಂಟ್ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ 1 ಲಕ್ಷ ಪೌಂಡಿಗೆ ಕೊಂಡಿತು. ಮಗ ಕೀಚಿರೊ ಕಾರಿನ ಕೆಲಸಕ್ಕೆ ಇಳಿದರು, ಅದೇ ಟೊಯೊಟಾ ಕಂಪನಿ. ಮುಂದೆ ಅಲ್ಲಿನ ಎಂಜಿನಿಯರ್ ತೈಚಿ ಓನೊ ಕಾರಿನ ಲೈನಿನಲ್ಲೂ ಮಗ್ಗದ ಆ ಗುಣವನ್ನು ತಂದರು. ಏನಾದರೂ ತಪ್ಪು ಕಂಡರೆ ಅಲ್ಲಿ ನಿಂತ ಕೆಲಸಗಾರ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು. ಎಳೆದ ಕೂಡಲೇ ಮೇಲಿನವನು ಓಡಿ ಬರುತ್ತಾನೆ. ಬೈಯಲು ಅಲ್ಲ, ಕೈಜೋಡಿಸಲು.

ನಾವು ಅಲ್ಲಿಂದ ಬೋರ್ಡ್ ತಂದೆವು, ನೆಲಕ್ಕೆ ಹಚ್ಚುವ ಹಳದಿ ಪಟ್ಟಿ ತಂದೆವು, ಕೆಂಪು ಹಸಿರು ದೀಪ ತಂದೆವು. ನಿಲ್ಲಿಸುವ ಹಕ್ಕನ್ನು ಮಾತ್ರ ಅಲ್ಲೇ ಬಿಟ್ಟು ಬಂದೆವು. 1950ರಲ್ಲಿ ಜಪಾನಿಗೆ ಹೋಗಿ ಗುಣಮಟ್ಟದ ಪಾಠ ಹೇಳಿದ ಅಮೆರಿಕದ ಡೆಮಿಂಗ್ ಮುಂದೆ 14 ಸೂತ್ರಗಳನ್ನು ಕೊಟ್ಟರು. ಅದರಲ್ಲಿ 8ನೆಯದು, ಭಯವನ್ನು ಓಡಿಸಿ ಎಂಬುದು. 10ನೆಯದು, ದುಡಿಯುವವರಿಗೆ ಘೋಷಣೆ ಹೇಳುವುದನ್ನು ಬಿಡಿ ಎಂಬುದು. ನಮ್ಮ ಶಾಪ್‌ಗಳ ಗೋಡೆ ತುಂಬ ಘೋಷಣೆಯೇ.

ನನ್ನದೇ ಒಂದು ತಪ್ಪು ಹೇಳಬೇಕು. ಆಗ ನಾನಿದ್ದ ಕಂಪನಿಯ ಹೆಸರು ಬೇಡ. ಒಂದು ಅಲ್ಯೂಮಿನಿಯಂ ಹೌಸಿಂಗ್‌ಗೆ ಬೋರ್, ಅಂದರೆ ದುಂಡು ತೂತು, ತೆಗೆಯುತ್ತಿದ್ದೆವು. ಆ ಬೋರ್‌ನಲ್ಲಿ ಆಯಿಲ್ ಸೀಲ್ ಕೂರಬೇಕು. ಒಂದು ರಾತ್ರಿ ಶಿಫ್ಟ್‌ನಲ್ಲಿ ಇನ್‌ಸರ್ಟಿನ, ಅಂದರೆ ಟೂಲಿಗೆ ಕೂರಿಸುವ ಲೋಹ ಕತ್ತರಿಸುವ ಬಿಲ್ಲೆಯ, ತುದಿ ಚೂರು ಒಡೆಯಿತು. ಅಳತೆ ಕೆಡಲಿಲ್ಲ. ತೂತಿನ ಅಳತೆ ನೋಡುವ ಪ್ಲಗ್ ಗೇಜ್ ಸಲೀಸಾಗಿ ಹೋಗುತ್ತಿತ್ತು, ಗೇಜ್ ಪ್ರಕಾರ ಪೀಸು ಪಾಸ್. ಆದರೆ ಬೋರ್ ಒಳಗೆ ಸಣ್ಣ ಗೆರೆ ಬಿದ್ದಿತ್ತು. ಬೆಳಕಿಗೆ ಹಿಡಿದರೂ ಸರಿಯಾಗಿ ಕಾಣದು. ಒಳಗೆ ಉಗುರು ಆಡಿಸಿದರೆ ಮಾತ್ರ ಗರಗರ ಎನ್ನುವುದು ತಿಳಿಯುತ್ತದೆ. ಎರಡು ಶಿಫ್ಟ್‌ನ ಮಾಲು, 300ಕ್ಕೂ ಜಾಸ್ತಿ ಪೀಸು, ಗ್ರಾಹಕರ ಲೈನಿಗೆ ಹೋಗಿ ಎಣ್ಣೆ ಸೋರಿತು. ನಾವು ನಾಲ್ಕು ಜನ ಅವರ ಸ್ಟೋರ್‌ನಲ್ಲಿ ಕೂತು ಎರಡು ದಿನ ಒಂದೊಂದೇ ಪೀಸು ಆರಿಸಿದೆವು. ಮೇಲೆ ನಷ್ಟವನ್ನು ನಮ್ಮ ಲೆಕ್ಕದಿಂದ ಕಳೆಯುವ ಡೆಬಿಟ್ ನೋಟ್ ಬೇರೆ.

ರಿಪೋರ್ಟ್ ಬರೆದವನು ನಾನು. ಐದು ಸಲ ಯಾಕೆ ಎಂದು ಕೇಳಿ, ಐದನೆಯದಕ್ಕೆ ಆಪರೇಟರ್ ನಿರ್ಲಕ್ಷ್ಯ ಎಂದು ಬರೆದೆ. ಪರಿಹಾರ: ಟ್ರೇನಿಂಗ್ ಕೊಡಲಾಗಿದೆ. ಕೆಳಗೆ ಹುಡುಗನ ಸಹಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ.

ಆ ಹುಡುಗ ಇಂಡಿ ತಾಲ್ಲೂಕಿನವನು, ನಮ್ಮ ಕಡೆಯವನೇ. ತಿಂಗಳಾದ ಮೇಲೆ ಕ್ಯಾಂಟೀನ್‌ನಲ್ಲಿ ಎದುರು ಕೂತಾಗ ಕೇಳಿದೆ, ನಿನಗೆ ಗೊತ್ತೇ ಆಗಲಿಲ್ಲವಾ ಅಂತ. ಅವನು ತಲೆ ತಗ್ಗಿಸಿಯೇ ಹೇಳಿದ: "ಗೊತ್ತಾಗಿತ್ರಿ ಸರ್. ಸಪ್ಪಳನ ಬ್ಯಾರೆ ಬರಾಕತ್ತಿತ್ತು. ಇನ್‌ಸರ್ಟ್ ಕೇಳಾಕ ಹೋಗಿದ್ನಿ. ಕಪಾಟಿಗೆ ಕೀಲಿ ಇತ್ರಿ."

ಕಪಾಟಿಗೆ ಬೀಗ ಹಾಕಿಸಿದ್ದು ಖರ್ಚು ಕಡಿಮೆ ಮಾಡುವ ಯೋಜನೆಯಲ್ಲಿ. ಶಿಫ್ಟಿಗೆ ಇಷ್ಟೇ ಇನ್‌ಸರ್ಟ್, ಜಾಸ್ತಿ ಬೇಕಾದರೆ ಸೂಪರ್‌ವೈಸರ್ ಸಹಿ ಬೇಕು. ರಾತ್ರಿ ಸೂಪರ್‌ವೈಸರ್ ಒಬ್ಬರೇ, ಎರಡು ಶೆಡ್‌ಗೆ. ಮಷಿನ್ ನಿಲ್ಲಿಸಿ ಅವರನ್ನು ಹುಡುಕಿದರೆ ಪ್ರೊಡಕ್ಷನ್ ಕಡಿಮೆ ಬರುತ್ತದೆ, ಇನ್ಸೆಂಟಿವ್ ಹೋಗುತ್ತದೆ. ಗೇಜ್ ಪಾಸ್ ಅನ್ನುತ್ತಿದೆ. ಅವನು ಏನು ಮಾಡಬೇಕಿತ್ತು ಹೇಳಿ. ಇನ್‌ಸರ್ಟ್ ಉಳಿಸಲು ನಾವೇ ಮಾಡಿದ ನಿಯಮ 300 ಪೀಸು ತಿಂದಿತು, ನಾನು ಅದನ್ನು ಆ ಹುಡುಗನ ತಲೆಗೆ ಕಟ್ಟಿದೆ. ಅವನು ಆರು ತಿಂಗಳಿಗೆ ಕೆಲಸ ಬಿಟ್ಟು ಹೋದ. ಆ ಸಪ್ಪಳ ಗುರುತಿಸುವ ಕಿವಿಯೂ ಅವನ ಜೊತೆಗೇ ಹೋಯಿತು.

ಹುಡುಗರು ಹೋಗುವುದು ಸಣ್ಣ ವಿಷಯವಲ್ಲ. ದೇಶದ ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆ ಪ್ರಕಾರ ನೋಂದಾಯಿತ ಕಾರ್ಖಾನೆಗಳ ಕೆಲಸಗಾರರಲ್ಲಿ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಜನ ಈಗ ಕಾಂಟ್ರಾಕ್ಟ್ ಮೇಲೆ ಇರುವವರು. ಅದರ ಮೇಲೆ ಟ್ರೇನಿಗಳು, ಅಪ್ರೆಂಟಿಸ್‌ಗಳು. ನಾಳೆ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವನಿಗೆ ಕೈಜೆನ್ ಚೀಟಿ ಬರೆ ಎಂದರೆ ಅವನು ಏನು ಬರೆದಾನು? 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚುಟಿ ಸಿಗುವ ಹಕ್ಕು ಬಂದಿದೆ. ಒಳ್ಳೆಯದೇ. ಆದರೆ ಹನ್ನೊಂದು ತಿಂಗಳಿಗೆ ಬದಲಾಯಿಸುತ್ತಾ ಹೋದರೆ ಕಾನೂನಿನ ಜೊತೆ ಕಸುಬೂ ಕೈಬಿಟ್ಟು ಹೋಗುತ್ತದೆ.

ಭಾಷೆಯದ್ದು ಇನ್ನೊಂದು ಗೋಡೆ. ನಮ್ಮ ಒಂದೇ ಸಾಲಿನಲ್ಲಿ ಲಾತೂರಿನವನು, ಆಳಂದದವನು, ಬಿಹಾರದವನು, ಒಡಿಶಾದವನು ನಿಂತಿರುತ್ತಾರೆ. ಮಷಿನ್ ಮೇಲೆ ತೂಗುಹಾಕಿದ ಸೂಚನೆ ಹಾಳೆ ಮಾತ್ರ ಇಂಗ್ಲಿಷಿನಲ್ಲಿ. ಯಾಕೆಂದರೆ ಅದನ್ನು ಓದುವವನು ಆಪರೇಟರ್ ಅಲ್ಲ, ವಾಹನ ಉದ್ದಿಮೆಯ ಗುಣಮಟ್ಟದ ಸರ್ಟಿಫಿಕೇಟಿಗೆ ತಪಾಸಣೆ ಮಾಡುವ ಐಎಟಿಎಫ್ ಆಡಿಟರ್. ನಾವು ಆಮೇಲೆ ಮಾಡಿದ ಒಂದು ಬದಲಾವಣೆ ತುಂಬ ಅಗ್ಗದ್ದು. ಹಾಳೆಯ ಪಕ್ಕ ಎರಡು ನಿಜವಾದ ಪೀಸು ತಂತಿಯಲ್ಲಿ ಕಟ್ಟಿದೆವು. ಒಂದು ಒಳ್ಳೆಯದು, ಒಂದು ಗೆರೆ ಬಿದ್ದದ್ದು. ಹೊಸಬ ಬಂದ ಮೊದಲ ದಿನ ಎರಡರಲ್ಲೂ ಉಗುರು ಆಡಿಸಿ ನೋಡಬೇಕು. ಅದಕ್ಕೆ ಯಾವ ಭಾಷೆಯೂ ಬೇಡ.

ಕೆಟ್ಟ ಸುದ್ದಿಯ ದಾರಿ ಕಟ್ಟಿಕೊಳ್ಳುವುದು ಕಾರ್ಖಾನೆಯೊಳಗೆ ಮಾತ್ರವಲ್ಲ, ಕಾರ್ಖಾನೆಗಳ ನಡುವೆಯೂ. ಭೋಸರಿಯ ಸಣ್ಣ ಶಾಪ್ ಚಾಕಣ್‌ನ ದೊಡ್ಡ ಪ್ಲಾಂಟ್‌ಗೆ ನೇರವಾಗಿ ಮಾಲು ಕೊಡುವುದು ಅಪರೂಪ. ನಡುವೆ ಒಬ್ಬ, ಕೆಲವು ಸಲ ಇಬ್ಬರು. ವರ್ಷ ವರ್ಷ ರೇಟ್ ಇಳಿಸಬೇಕು ಎನ್ನುವ ಒಪ್ಪಂದ ಮೇಲಿನಿಂದ ಕೆಳಗೆ ಇಳಿಯುತ್ತಾ ಬರುತ್ತದೆ. ದುಡ್ಡು ಮಾತ್ರ ನಿಧಾನ. ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾನೂನು ಹೇಳುತ್ತದೆ. ಹಾಗೆ ಕೊಡದಿದ್ದರೆ ಆ ಬಾಕಿಯನ್ನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ ಎಂಬ ತೆರಿಗೆ ನಿಯಮವೂ 2024ರ ಏಪ್ರಿಲ್ 1ರಿಂದ ಬಂದಿದೆ. ಆದರೂ ಮುಂದಿನ ಆರ್ಡರ್ ಹೋದೀತು ಎಂಬ ಅಂಜಿಕೆಯಲ್ಲಿ ದೂರು ಕೊಡುವವರು ಕಡಿಮೆ. ಕೈಯಲ್ಲಿ ದುಡ್ಡಿಲ್ಲದ ಮಾಲೀಕ ಮೊದಲು ಕತ್ತರಿಸುವುದು ಮೇಂಟೆನೆನ್ಸ್, ಆಮೇಲೆ ಇನ್‌ಸರ್ಟ್.

ಬೇಕಾದ ಹೊತ್ತಿಗೇ ಮಾಲು ತರಿಸುವ ಜಸ್ಟ್ ಇನ್ ಟೈಮ್ ಪದ್ಧತಿಯ ಕಥೆಯೂ ಇದೇ. ದೊಡ್ಡ ಪ್ಲಾಂಟ್‌ನಲ್ಲಿ ಸ್ಟಾಕ್ ಇಲ್ಲ, ಎರಡು ಗಂಟೆಯ ಮಾಲು ಮಾತ್ರ ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಆ ಸ್ಟಾಕ್ ಮಾಯವಾಗಿಲ್ಲ, ನಮ್ಮ ಗೋಡೌನ್‌ಗೆ ಬಂದಿದೆ. ಪುಣೆ-ನಾಶಿಕ್ ರಸ್ತೆಯಲ್ಲಿ ಮೋಶಿ ದಾಟಿ ಚಾಕಣ್ ಚೌಕ ಮುಟ್ಟುವಷ್ಟರಲ್ಲಿ ಟೆಂಪೋ ಎಷ್ಟು ಹೊತ್ತು ನಿಲ್ಲುತ್ತದೋ ಡ್ರೈವರ್‌ಗೂ ಗೊತ್ತಿಲ್ಲ. ಲೈನ್ ನಿಂತರೆ ದಂಡ ನಮಗೆ. ಹಾಗಾಗಿ ಪ್ಲಾಂಟ್ ಹತ್ತಿರವೇ ಬಾಡಿಗೆ ಗೋಡೌನ್ ಹಿಡಿದು ಮೂರು ದಿನದ ಮಾಲು ಇಡುತ್ತೇವೆ. ಇಡೀ ಸರಪಳಿ ಲೆಕ್ಕ ಹಾಕಿದರೆ ಸ್ಟಾಕ್ ಕಡಿಮೆ ಆಗಲಿಲ್ಲ, ಬಡವನ ಮನೆಗೆ ಸ್ಥಳಾಂತರ ಆಯಿತು.

ಇನ್ನು ಬೆರಳುಗಳ ವಿಷಯ. ಪವರ್ ಪ್ರೆಸ್‌ನಲ್ಲಿ ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವಂಥ ಎರಡು ಬಟನ್ ಇರುತ್ತವೆ. ಕೈ ಒಳಗೆ ಹೋದರೆ ನಿಲ್ಲಿಸುವ ಸೆನ್ಸರ್ ಇರುತ್ತದೆ. ಒಂದು ಬಟನ್‌ಗೆ ಮರದ ಚಕ್ಕೆ ಸಿಕ್ಕಿಸಿ, ಸೆನ್ಸರ್ ಬಂದ್ ಮಾಡಿದರೆ ಗಂಟೆಗೆ ಒಂದಿಷ್ಟು ಪೀಸು ಜಾಸ್ತಿ ಬರುತ್ತವೆ. ಆಡಿಟ್ ದಿನ ಚಕ್ಕೆ ಇರುವುದಿಲ್ಲ. ಅಂಥ ಶಾಪ್‌ನ ಬೋರ್ಡ್ ಮೇಲೆ ಅಪಘಾತವಿಲ್ಲದ ದಿನಗಳು ಎಂಬ ಅಂಕಿ ಏರುತ್ತಲೇ ಇರುತ್ತದೆ. ಸಣ್ಣ ಪೆಟ್ಟನ್ನು ಯಾರೂ ಬರೆಸುವುದಿಲ್ಲ. ಒಂದು ದಿನ ಎರಡು ಬೆರಳು ಹೋಗುತ್ತವೆ. ಇದನ್ನು ಎಕ್ಸಲೆನ್ಸ್ ಚರ್ಚೆಯಲ್ಲಿ ಕೊನೆಗೆ ಇಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ ಅಳತೆ ಇದೇ. ಪ್ರೆಸ್ ಶಾಪ್‌ಗೆ ಹೋದರೆ ಓಇಇ ಕೇಳುವುದಕ್ಕಿಂತ ಮೊದಲು ಆ ಬಟನ್ ನೋಡಿ.

ನಮ್ಮಿಂದ ಆಗದ ಕೆಲಸ ಇದು ಎನ್ನುವವರಿಗೆ ಎರಡು ಮಾತು. ಡೆಮಿಂಗ್ ಹೆಸರಿನ ಜಪಾನಿನ ಪ್ರಶಸ್ತಿಯನ್ನು 1998ರಲ್ಲಿ ಚೆನ್ನೈನ ಸುಂದರಂ ಕ್ಲೇಟನ್ ಗೆದ್ದಿತು, 2003ರಲ್ಲಿ ಮಹೀಂದ್ರದ ಟ್ರಾಕ್ಟರ್ ವಿಭಾಗ ಗೆದ್ದಿತು. ಇನ್ನೂ ಹಿಂದೆ ಹೋಗುವುದಾದರೆ, ಪುಣೆಯ ಎಂಜಿನಿಯರಿಂಗ್‌ಗೆ ಹೆಸರು ತಂದ ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾಯರು 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಶುರು ಮಾಡಿದ್ದು ಬೆಳಗಾವಿಯ ಸೈಕಲ್ ಅಂಗಡಿಯಿಂದ. 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದಾಗ ಅವರು ಜೈಲಿನಿಂದ ಬಂದವರನ್ನೇ ರಾತ್ರಿ ಕಾವಲಿಗೆ ಇಟ್ಟರು. ನಾವು ಇನ್‌ಸರ್ಟಿನ ಕಪಾಟಿಗೆ ಬೀಗ ಹಾಕಿದ್ದನ್ನು ನೆನೆದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನಾನಾದರೆ ಸೆಟ್ಟಿಂಗ್‌ನಿಂದ. ಟೊಯೊಟಾದಲ್ಲಿ 1969ರಲ್ಲಿ ಒಂದು ಸಾವಿರ ಟನ್ ಪ್ರೆಸ್‌ನ ಡೈ, ಅಂದರೆ ಅಚ್ಚು, ಬದಲಿಸಲು 4 ಗಂಟೆ ಬೇಕಿತ್ತು. ಸಲಹೆಗಾರ ಶಿಗೆಯೊ ಶಿಂಗೊ ಅದನ್ನು ಮೊದಲು ಒಂದೂವರೆ ಗಂಟೆಗೆ ತಂದರು, ಆಮೇಲೆ 3 ನಿಮಿಷಕ್ಕೆ. ಗುಟ್ಟು ಇಷ್ಟೇ: ಮಷಿನ್ ಓಡುತ್ತಿರುವಾಗಲೇ ಮಾಡಬಹುದಾದ ಕೆಲಸವನ್ನು ನಿಂತ ಮೇಲೆ ಮಾಡಬೇಡಿ. ಮುಂದೆ ಇನ್ನೊಂದು ಶಾಪ್‌ನಲ್ಲಿ ಒಂದು ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್ನಿನ, ಸೆಟ್ಟಿಂಗನ್ನು ನಾವು ಮೊಬೈಲ್‌ನಲ್ಲಿ ವಿಡಿಯೊ ಮಾಡಿದೆವು. ಸೆಟ್ಟರ್ ಒಪ್ಪಿದ ಮೇಲೆಯೇ. ಅವರು ಐವತ್ತು ದಾಟಿದ ಕಾಕಾ, ಕೆಲಸದಲ್ಲಿ ಪಳಗಿದವರು. ಜೊತೆಗೆ ಕೂತು ನೋಡಿದಾಗ ಅವರಿಗೇ ಆಶ್ಚರ್ಯ. 45 ನಿಮಿಷದಲ್ಲಿ ಮಷಿನ್‌ಗೆ ಕೈ ಹಚ್ಚಿದ್ದು ಅರ್ಧ ಹೊತ್ತೂ ಇಲ್ಲ. ಉಳಿದದ್ದೆಲ್ಲ ನಡೆದಾಟ. 17ರ ಪಾನಾ (ಸ್ಪ್ಯಾನರ್) ಪಕ್ಕದ ಮಷಿನ್‌ನವನ ಹತ್ತಿರ, ಡ್ರಾಯಿಂಗ್ ಆಫೀಸಿನಲ್ಲಿ, ಗೇಜ್ ಕ್ವಾಲಿಟಿಯವರ ಡ್ರಾಯರ್‌ನಲ್ಲಿ. ಒಂದು ಟ್ರಾಲಿ ಮಾಡಿಸಿದೆವು. ಮುಂದಿನ ಜಾಬಿಗೆ ಪೀಸು ಹಿಡಿಯುವ ಜಾಸ್, ಟೂಲ್, ಗೇಜ್, ಡ್ರಾಯಿಂಗ್ ಎಲ್ಲ ಅದರ ಮೇಲೆ ಮೊದಲೇ ಬಂದು ನಿಲ್ಲಬೇಕು. ಬೋಲ್ಟ್‌ಗಳನ್ನೆಲ್ಲ ಒಂದೇ ಸೈಜಿಗೆ ತಂದೆವು, ಒಂದೇ ಪಾನಾ ಸಾಕಾಯಿತು. ಎರಡು ತಿಂಗಳಲ್ಲಿ 45 ನಿಮಿಷ 18ಕ್ಕೆ ಇಳಿಯಿತು. ಖರ್ಚು ಟ್ರಾಲಿಯ ವೆಲ್ಡಿಂಗ್‌ದು ಮಾತ್ರ. ಬೋಲ್ಟಿನ ಐಡಿಯಾ ಕಾಕಾ ಅವರದೇ. ಎಷ್ಟು ವರ್ಷದಿಂದ ತಲೆಯಲ್ಲಿತ್ತು ಎಂದು ಕೇಳಿದೆ. ಯಾರೂ ಕೇಳಿರಲಿಲ್ಲ ಎಂದರು.

ಸರ್ಕಾರದ ನೆರವೂ ಇದೆ. ಸಣ್ಣ ಉದ್ದಿಮೆಗಳಿಗಾಗಿ 2023ರ ಮಾರ್ಚ್‌ನಲ್ಲಿ ಹೊಸದಾಗಿ ತಂದ, ದಂಡ ಖರ್ಚು ಕಡಿಮೆ ಮಾಡುವುದನ್ನು ಕಲಿಸುವ ಲೀನ್ ಯೋಜನೆಯಲ್ಲಿ ಸಲಹೆಗಾರರ ಖರ್ಚಿನ ಶೇ 90ನ್ನು ಕೇಂದ್ರವೇ ಕೊಡುತ್ತದೆ. ಸಣ್ಣ ಉದ್ದಿಮೆಗಳ ಗುಣಮಟ್ಟಕ್ಕೆ ಕೊಡುವ ಝೆಡ್ ಸರ್ಟಿಫಿಕೇಟಿಗೂ ಸಬ್ಸಿಡಿ ಇದೆ. ತೆಗೆದುಕೊಳ್ಳಿ. ಆದರೆ ಬರುವ ಸಲಹೆಗಾರರಿಗೆ ಒಂದು ಷರತ್ತು ಹಾಕಿ: ಮೊದಲ ವಾರ ಫೈಲ್ ಮುಟ್ಟುವಂತಿಲ್ಲ, ಮೂರು ರಾತ್ರಿ ಶಿಫ್ಟ್ ಮಷಿನ್ ಹತ್ತಿರ ನಿಲ್ಲಬೇಕು. ಸೆನ್ಸರ್, ಸಾಫ್ಟ್‌ವೇರ್ ಕಥೆಯೂ ಅಷ್ಟೇ. ಮಷಿನ್ ಎಷ್ಟು ಹೊತ್ತು ನಿಂತಿತು ಎಂಬುದನ್ನು ಡಬ್ಬಿ ಸರಿಯಾಗಿಯೇ ಹೇಳುತ್ತದೆ. ಯಾಕೆ ನಿಂತಿತು ಎಂಬುದನ್ನು ಆಪರೇಟರೇ ಒತ್ತಬೇಕು. ಅಂಜಿದವನು ಒತ್ತುವ ಬಟನ್ ಒಂದೇ, ಇತರೆ.

ಈಗ ನಾನಿರುವ ಶಾಪ್‌ನಲ್ಲಿ ಕಪಾಟಿಗೆ ಬೀಗ ಇಲ್ಲ. ಇನ್‌ಸರ್ಟ್ ತೆಗೆದವರು ಒಂದು ಹಾಳೆಯಲ್ಲಿ ಗೀಟು ಹಾಕಬೇಕು, ಅಷ್ಟೇ. ಅನುಮಾನ ಬಂದರೆ ಮಷಿನ್ ನಿಲ್ಲಿಸಬಹುದು, ನಿಲ್ಲಿಸಿದ ಹೊತ್ತಿನ ಇನ್ಸೆಂಟಿವ್ ಕತ್ತರಿಸುವುದಿಲ್ಲ. ಇಷ್ಟಕ್ಕೆ ಮಾಲೀಕರನ್ನು ಒಪ್ಪಿಸಲು ನನಗೆ ಒಂದು ವರ್ಷ ಹಿಡಿಯಿತು. ಮೊದಲ ನಾಲ್ಕು ತಿಂಗಳು ಒಬ್ಬರೂ ನಿಲ್ಲಿಸಲಿಲ್ಲ. ಯಾರೂ ನಂಬಿರಲಿಲ್ಲ.

ಕಳೆದ ತಿಂಗಳು ರಾತ್ರಿ ಎರಡೂವರೆಗೆ ಫೋನ್ ಬಂತು. ಸಿಂದಗಿ ಕಡೆಯ ಹುಡುಗ, ಸೇರಿ ಎಂಟು ತಿಂಗಳು. "ಸರ್, ಮಷಿನ್ ನಿಲ್ಸೀನ್ರಿ. ಫಿನಿಶ್ ಸರಿ ಬರವಲ್ದು."

"ಛಲೋ ಮಾಡಿದಿ. ಎಷ್ಟು ಪೀಸ್ ಆಗ್ಯಾವ?"

"ನಾಕ್ರಿ. ಕೆಂಪು ಡಬ್ಬ್ಯಾಗ ಹಾಕೀನಿ."

ಟೂಲಿಗೆ ತಂಪು ದ್ರವ ಬಿಡುವ ಕೂಲಂಟ್ ನಳಿಕೆ ಚಿಪ್ಸ್, ಅಂದರೆ ಲೋಹದ ಚೂರು, ಸಿಕ್ಕಿ ಕಟ್ಟಿಕೊಂಡಿತ್ತು. ಬಿಚ್ಚಿ, ತೊಳೆದು, ಇನ್‌ಸರ್ಟ್ ಬದಲಿಸಿ, ಮೊದಲ ಪೀಸ್ ಪಾಸ್ ಮಾಡಿಸಿ ಮತ್ತೆ ಚಾಲೂ ಆಗಲು 38 ನಿಮಿಷ ಆಯಿತು. ಆ ಶಿಫ್ಟ್‌ನ ಓಇಇ 58ಕ್ಕೆ ಇಳಿಯಿತು. ಬೆಳಗ್ಗೆ ಹುಡುಗ ಮನೆಗೆ ಹೋಗುವ ಮುಂಚೆ ಅವನ ಕೈಯಿಂದಲೇ ಬೋರ್ಡ್ ಮೇಲೆ 58 ಅಂತ ಬರೆಸಿದೆ.